ನೆಗಡಿ ಬಿಟ್ಟ ಮೇಲೆ ಕರಿಘಟ್ಟಕ್ಕೆ

ಸಿಂಚನಾ, ಮನು, ಇದನ್ನು ನಿಮ್ಮಜ್ಜಿ ಬರೆಯುತ್ತಿದ್ದೇನೆ. ಫೋನಿನಲ್ಲಿ ನನಗೆ ನಾಲ್ಕು ಮಾತು ನೆಟ್ಟಗೆ ಬರುವುದಿಲ್ಲ, ನಾಚಿಕೆ. ಬರೆಯಲು ಕೂತರೆ ಬರುತ್ತದೆ. ಮಂಗಳವಾರ ನಾನು ಕ್ಯಾತನಹಳ್ಳಿಯಿಂದ ಶ್ರೀರಂಗಪಟ್ಟಣದ ಕರಿಘಟ್ಟಕ್ಕೆ ಸೈಕಲ್ಲಿನಲ್ಲಿ ಹೋಗಿ, ಬೆಟ್ಟವನ್ನು ಓಡುತ್ತ ಹತ್ತಿ ಬಂದೆ. ಅದನ್ನು ಹೇಳುತ್ತೇನೆ.

ಹೋಗಿದ್ದಕ್ಕೆ ಕಾರಣ ಸಿಂಚನಾಗೆ ಗೊತ್ತು. ನಾಗಮಂಗಲದ ನಿಮ್ಮ ಶಾಲೆಯಲ್ಲಿ ಈ ಭಾನುವಾರ ಅಜ್ಜಿಯರೂ ಮೊಮ್ಮಕ್ಕಳೂ ಕೈ ಹಿಡಿದು ಓಡುವ ಪಂದ್ಯ. ಅವಳು ನನ್ನ ಹೆಸರು ಕೊಟ್ಟುಬಿಟ್ಟಿದ್ದಾಳೆ. ಅಷ್ಟರಲ್ಲಿ ನನಗೆ ನೆಗಡಿ ಹಿಡಿಯಿತು. ಕೆಮ್ಮೂ ಜ್ವರವೂ ಸೇರಿಕೊಂಡು ಹತ್ತು ದಿನ ಮಲಗಿದೆ. ನಿಮ್ಮಮ್ಮ ರೂಪ ಫೋನಿನಲ್ಲೇ ಗದರಿದಳು.

"ಓಟ ಗೀಟ ಏನೂ ಬ್ಯಾಡ ಕಣವ್ವ. ಅಷ್ಟು ಜನದ ಮುಂದೆ ಕೆಮ್ತಾ ಕುಂತ್ಕಂಡ್ರೆ ಮಗೀಗೆ ಎಂಗಾಗ್ತದೆ?"

"ನಾನು ಬರ್ದೇ ಇದ್ರೆ ಎಂಗಾಗ್ತದೆ?" ಎಂದೆ.

"ಅಂಗಾದ್ರೆ ಕರಿಘಟ್ಟನ ಕೆಳಗಿಂದ ಮ್ಯಾಕೆ ಒಂದ್ಸಲಾನೂ ನಿಲ್ದಂಗೆ ಹತ್ತು. ಆಮ್ಯಾಕೆ ಮಾತಾಡು."

ನೆಗಡಿಗೆ ಮೊದಲು ತಿಂಗಳಿಗೊಮ್ಮೆ ನಾನು ಓಡಿ ಹತ್ತುತ್ತಿದ್ದ ಬೆಟ್ಟ ಅದು. ಈಗ ಅವ್ವ ಹೋಗಲಾರಳು ಎಂದುಕೊಂಡೇ ರೂಪ ಹಾಗಂದಳು. ನಾನು ಆಗಲಿ ಎಂದೆ.

ಮಂಗಳವಾರ ಐದೂವರೆಗೆ ಸೈಕಲ್ಲು ಹೊರಗೆ ತೆಗೆದೆ. ಹಾಲು ಕರೆಯುತ್ತಿದ್ದ ನಿಮ್ಮ ಮಾವ ಶಿವು ಎದ್ದು ಬಂದು, "ಕಿವೀಗೆ ಗಾಳಿ ನುಗ್ಗುದ್ರೆ ಮತ್ತೆ ಮಲಗ್ತೀಯ ಕಣವ್ವ" ಎಂದು ಉಣ್ಣೆ ಟೋಪಿ ಹಾಕಿದ, ಅದರ ಮೇಲೆ ಮಫ್ಲರು ಸುತ್ತಿದ. ನಿಮ್ಮ ತಾತನ ಸ್ವೆಟರನ್ನು ನಾನು ಮೊದಲೇ ತೊಟ್ಟಿದ್ದೆ. ಎದೆಗೆ ನೀಲಗಿರಿ ಎಣ್ಣೆ, ಫ್ಲಾಸ್ಕಿನಲ್ಲಿ ಮೆಣಸಿನ ಕಷಾಯ, ಬುಟ್ಟಿಯಲ್ಲಿ ಎರಡು ರಾಗಿ ರೊಟ್ಟಿ.

ಇಬ್ಬನಿಯಲ್ಲಿ ಹತ್ತು ಮಾರು ಆಚೆಗೆ ಏನೂ ಕಾಣುತ್ತಿರಲಿಲ್ಲ. ಕಬ್ಬಿನ ಟ್ರಾಕ್ಟರುಗಳ ದೀಪ ನೋಡಿಕೊಂಡು ರಸ್ತೆಯ ಅಂಚಿನಲ್ಲೇ ತುಳಿದೆ. ಪಾಂಡವಪುರದ ಟೀ ಅಂಗಡಿಯ ಮುಂದೆ ಗಂಡಸರು ಗುಂಪುಗೂಡಿದ್ದರು. ಒಬ್ಬ, "ಲೇ ನೋಡ್ಲಾ, ಅಜ್ಜಿ ರೇಸಿಗೆ ಹೋಯ್ತಾವ್ರೆ!" ಎಂದ. ಬೇರೆ ದಿನವಾಗಿದ್ದರೆ ಇಳಿದು ತಲೆ ತಗ್ಗಿಸಿ ತಳ್ಳಿಕೊಂಡು ಹೋಗುತ್ತಿದ್ದೆ. ಅವತ್ತು ಬೆಲ್ಲು ಹೊಡೆದು ಮುಂದೆ ಹೋದೆ. ಅವನು ಹೇಳಿದ್ದು ಸುಳ್ಳೇನೂ ಅಲ್ಲವಲ್ಲ.

ಬೆಟ್ಟದ ಬುಡ ಮುಟ್ಟುವ ಹೊತ್ತಿಗೆ ಎಂಟು ಗಂಟೆ. ಇಪ್ಪತ್ತು ಕಿಲೋಮೀಟರಿಗೂ ಮೇಲಾಗಿತ್ತು, ಕಾಲು ಚೆನ್ನಾಗಿಯೇ ಇತ್ತು. ಸೈಕಲ್ಲಿಗೆ ಬೀಗ ಹಾಕಿ, ರೊಟ್ಟಿ, ಫ್ಲಾಸ್ಕನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿ, ನಾಟಿಗೆ ಇಳಿಯುವಾಗ ಮಾಡುವಂತೆ ಸೀರೆ ಎತ್ತಿ ಕಟ್ಟಿ, ಟಾರು ರಸ್ತೆಯಲ್ಲಿ ಓಟ ಶುರು ಮಾಡಿದೆ.

ಅರ್ಧ ದಾರಿಗೆ ತಲೆ ಸುತ್ತಿತು. ಮೈಯೆಲ್ಲ ಬೆಂಕಿ. ಜ್ವರ ಮರುಕಳಿಸಿತು, ಸಿಂಚನಾ ಒಬ್ಬಳೇ ನಿಲ್ಲುತ್ತಾಳೆ ಎಂದುಕೊಂಡು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ. ಅಲ್ಲಿ ಸೌತೆಕಾಯಿ ಮಾರುವ ಗೌರಮ್ಮ ಬಂದು ನನ್ನ ಕತ್ತಿಗೆ ಕೈ ಇಟ್ಟು ನೋಡಿದಳು.

"ಜ್ವರಾನೂ ಇಲ್ಲ, ಏನೂ ಇಲ್ಲ. ಈ ಬಿಸ್ಲಲ್ಲಿ ಇಂಗೆ ಸುತ್ಕಂಡು ಓಡುದ್ರೆ ಬೇಯ್ದೆ ಇನ್ನೇನಕ್ಕ? ಬಿಚ್ಚಾಕು ಮೊದ್ಲು!"

ಇಬ್ಬನಿ ಕರಗಿ ಬಿಸಿಲೇರಿದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ನೆಗಡಿ ಎಂದರೆ ಸುತ್ತಿಕೊಳ್ಳುವುದು, ಅಷ್ಟೇ ನಮಗೆ ಗೊತ್ತಿರುವುದು. ಟೋಪಿ, ಮಫ್ಲರು, ಸ್ವೆಟರು ತೆಗೆದು ಚೀಲದ ಜೊತೆ ಅವಳ ಬುಟ್ಟಿಯ ಪಕ್ಕ ಇಟ್ಟೆ. ಗಾಳಿ ಬಡಿಯಿತು. ಸೌತೆಕಾಯಿ ತಿಂದು ಮುಗಿಸುವಷ್ಟರಲ್ಲಿ ತಲೆಸುತ್ತು ನಿಂತಿತು. ನಾನು ಕೆಳಗೆ ಹೊರಟಾಗ ಗೌರಮ್ಮ ತಡೆದಳು.

"ಅಯ್ಯೋ, ಯಾಕಕ್ಕ ಇಳೀತೀಯ? ಇನ್ನರ್ಧ ಹತ್ಬುಡು."

"ಮಧ್ಯದಲ್ಲಿ ನಿಂತ್ಬುಟ್ನಲ್ಲ. ನಿಲ್ದಂಗೆ ಹತ್ತಬೇಕು ಅಂತ ಮಗಳ ಮಾತು. ಸುಳ್ಳೇಳುದ್ರೆ ನನ್ನ ಮುಖ ಕೆಂಪಗಾಗ್ತದೆ."

"ಫೋನಲ್ಲಿ ಮುಖ ಎಲ್ಲಿ ಕಾಣ್ತದಕ್ಕ!"

ನಕ್ಕೆ. ಆದರೂ ಬುಡದವರೆಗೆ ಇಳಿದು, ಮತ್ತೆ ಮೊದಲಿನಿಂದ ಹೊರಟೆ.

ಈ ಸಲ ಮೈ ಹಗುರ. ಗೌರಮ್ಮನನ್ನು ದಾಟಿ ಮೇಲಿನ ಕಡಿದಾದ ತಿರುವಿನಲ್ಲಿ ಮಾತ್ರ ಏದುಸಿರು ಬಂತು, ತೊಡೆ ಹಿಡಿದುಕೊಂಡಿತು. ನಿಲ್ಲುವ ಹಾಗಿಲ್ಲ. ಗದ್ದೆಯಲ್ಲಿ ಪೈರು ನೆಡುವಾಗ ನಾವು ಹಿಂದೆ ಹಿಂದಕ್ಕೇ ಹೆಜ್ಜೆ ಇಟ್ಟು ಇಡೀ ಗದ್ದೆ ಮುಗಿಸುತ್ತೇವೆ. ಹಾಗೇ ತಿರುಗಿ, ಬೆನ್ನನ್ನು ಏರಿನ ಕಡೆಗೆ ಮಾಡಿ, ಸಣ್ಣ ಹೆಜ್ಜೆಯಲ್ಲಿ ಹತ್ತಿದೆ. ಕೆಳಗಿನಿಂದ ಗೌರಮ್ಮ, "ಅಕ್ಕೋ, ಗುಡಿ ಆ ಕಡೆಗೈತೆ!" ಎಂದು ಕೂಗಿದಳು. ನನ್ನ ಕಣ್ಣ ಮುಂದೆ ಲೋಕಪಾವನಿ ಹೊಳೆ ಹೋಗಿ ಕಾವೇರಿ ಸೇರುವ ಜಾಗ, ಅದರಾಚೆ ಪಟ್ಟಣದ ಗೋಪುರ ಒಂದೊಂದಾಗಿ ಮೇಲೆದ್ದವು. ತಿರುವು ಮುಗಿಯುವಷ್ಟರಲ್ಲಿ ತೊಡೆ ಸಡಿಲವಾಗಿತ್ತು. ಮುಂದಕ್ಕೆ ತಿರುಗಿ ಬೆಟ್ಟದ ತುದಿಯ ಗುಡಿಯ ಬಾಗಿಲಿನವರೆಗೂ ಓಡಿದೆ.

ಕೂರುವ ಮೊದಲೇ ರೂಪಾಗೆ ಫೋನು ಮಾಡಿದೆ.

"ಮೊದಲ್ನೇ ಸಲ ನಿಂತೆ ಕಣೆ. ಎರಡ್ನೇ ಸಲ ನಿಲ್ಲಿಲ್ಲ."

"ಎರಡು ಸಲ ಹತ್ದಾ? ನಿಂಗೇನವ್ವ ಬಂದಿರೋದು!" ಎಂದಳು. ಆಮೇಲೆ, "ಫೋನು ಮೂಗಿನತ್ರ ಇಟ್ಕೊ, ಉಸ್ರು ಕೇಳ್ಸು."

ಇಟ್ಟುಕೊಂಡೆ. ಅವಳು ಬಹಳ ಹೊತ್ತು ಕೇಳಿದಳು. ಕೆಮ್ಮು ಬರಲಿಲ್ಲ.

"ಮೂಗು ಇನ್ನೂ ಸೀಟಿ ಹೊಡೀತದೆ."

"ಮೂಗಲ್ಲಿ ಓಡಕಿಲ್ಲ ಕಣೆ, ಕಾಲಲ್ಲಿ."

ಅವಳು ನಕ್ಕಳೋ, ಕಣ್ಣೊರೆಸಿಕೊಂಡಳೋ ತಿಳಿಯಲಿಲ್ಲ. ಕೊನೆಗೆ ಕೇಳಿದಳು, "ಶನಿವಾರ ಯಾವ ಬಸ್ಸಿಗೆ ಬತ್ತೀಯ?"

ಗೌರಮ್ಮನ ಹತ್ತಿರ ಇಳಿದು ಬಂದು ರೊಟ್ಟಿ ತಿಂದು, ಕಷಾಯವನ್ನು ಅವಳೊಂದಿಗೆ ಹಂಚಿಕೊಂಡು, ಬಿಚ್ಚಿಟ್ಟಿದ್ದನ್ನೆಲ್ಲ ಎತ್ತಿಕೊಂಡು ಬುಡಕ್ಕೆ ಇಳಿದೆ. ಪಾಂಡವಪುರದವರೆಗೆ ತುಳಿದೆ. ಅಲ್ಲಿಂದ ನಮ್ಮೂರಿನ ಖಾಲಿ ತರಕಾರಿ ಟೆಂಪೊ ಸಿಕ್ಕಿತು, ಸೈಕಲ್ಲನ್ನೂ ಹತ್ತಿಸಿಕೊಂಡು ಮಧ್ಯಾಹ್ನಕ್ಕೆ ಮನೆ ಸೇರಿದೆ.

ಸಿಂಚನಾ, ಭಾನುವಾರ ಓಡುವುದು ಓಡುತ್ತೇನೆ, ಅದರಲ್ಲಿ ಅನುಮಾನ ಬೇಡ. ಆದರೆ ಅಷ್ಟು ಜನರ ನಡುವೆ ನನ್ನ ಕೈ ಬಿಡಬೇಡ. ಬೆಟ್ಟಕ್ಕೆ ನಾನು ಹೆದರುವುದಿಲ್ಲ, ಜನರು ನೋಡುತ್ತಿದ್ದರೆ ಹೆದರುತ್ತೇನೆ. ಮನು, ಈ ಹಾಳೆಗಳಲ್ಲಿ ದೋಣಿ ಮಾಡಬೇಡ ಕಂದ. ಅಕ್ಕನೂ ನೀನೂ ಸೇರಿ ಯಾವುದಾದರೂ ಪುಸ್ತಕದೊಳಗೆ ಜೋಪಾನವಾಗಿ ಇಟ್ಟುಕೊಳ್ಳಿ.