ಹುಸೇನ್ ಸಾಬರ ಮೂಗು, ನನ್ನ ಬೆರಳು

ಹುಸೇನ್ ಸಾಬರು ಯಾವ ಯಂತ್ರವನ್ನೂ ಮೊದಲು ಮುಟ್ಟುತ್ತಿರಲಿಲ್ಲ, ಮೂಸುತ್ತಿದ್ದರು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ನಾವು ಸಾರಿನ ಹದ ನೋಡುವಂತೆ ಆವಿಯನ್ನು ಒಳಗೆಳೆದುಕೊಳ್ಳುತ್ತಿದ್ದರು. "ಹಳೇ ಪೆಟ್ರೋಲು. ಬೇಸಿಗೆ ಪೂರ್ತಿ ಒಳಗೇ ಬಿಟ್ಟಿದ್ದೀರಿ" ಎಂದರೆ ಮುಗಿಯಿತು, ಅವರ ಮುಂದೆ ಯಾರ ಸುಳ್ಳೂ ನಡೆಯುತ್ತಿರಲಿಲ್ಲ.

ಭದ್ರಾವತಿಯಲ್ಲಿ ಕಾಗದನಗರಕ್ಕೆ ಹೋಗುವ ರಸ್ತೆಯ ಪಕ್ಕ ಅವರ ತಗಡಿನ ಅಂಗಡಿ. ಹುಲ್ಲು ಕತ್ತರಿಸುವ ಯಂತ್ರ, ಔಷಧಿ ಹೊಡೆಯುವ ಪಂಪು, ಮರ ಕೊಯ್ಯುವ ಗರಗಸ, ಇಂಥ ಸಣ್ಣ ಇಂಜಿನ್ನುಗಳಷ್ಟೇ ಅವರಿಗೆ ಬೇಕು. ಯಾರಾದರೂ ಬೈಕು ತಂದರೆ, "ಅದಕ್ಕೆ ಊರ ತುಂಬ ಡಾಕ್ಟರುಗಳಿದ್ದಾರೆ, ಹೋಗಿ ಹೋಗಿ" ಎಂದು ಓಡಿಸುತ್ತಿದ್ದರು.

ನಮ್ಮ ಮನೆ ಶಿವಮೊಗ್ಗದ ವಿದ್ಯಾನಗರದಲ್ಲಿ. ಕಾರ್ಖಾನೆಯ ಕೆಲಸ ಹೋದ ಮೇಲೆ ನಮ್ಮವರು ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಹೆಗಲಿಗೇರಿಸಿಕೊಂಡರು. ಖಾಲಿ ಸೈಟು, ಶಾಲೆಯ ಮೈದಾನ, ದೇವಸ್ಥಾನದ ಹಿತ್ತಲು, ಎಲ್ಲಿ ಕಳೆ ಬೆಳೆದಿದೆಯೋ ಅಲ್ಲಿ ನಮ್ಮ ಅನ್ನ. ಕಡಿದಷ್ಟೂ ಹುಲ್ಲು ಮತ್ತೆ ಚಿಗುರುವುದನ್ನು ನಾನು ದೇವರ ದಯೆ ಎಂದೇ ತಿಳಿದಿದ್ದೇನೆ.

ಒಂದು ವರ್ಷ ಆಯುಧಪೂಜೆ ಕಳೆದದ್ದೇ ತಡ, ಯಂತ್ರ ಹೊರಡಲೊಲ್ಲದು. ಚಾಲೂ ಮಾಡುವ ಹಗ್ಗ ಎಳೆದೂ ಎಳೆದೂ ನಮ್ಮವರ ತೋಳು ಬಿದ್ದುಹೋಯಿತು. ಇಲ್ಲಿಯ ಅಂಗಡಿಯವರೊಬ್ಬರು "ಇದರ ಆಯಸ್ಸು ಮುಗೀತು, ಹೊಸದು ತಗೊಳ್ಳಿ" ಎಂದುಬಿಟ್ಟರು. ಹೊಸದು ತರುವ ಶಕ್ತಿ ನಮಗೆಲ್ಲಿತ್ತು? ಯಾರೋ ಸಾಬರ ಹೆಸರು ಹೇಳಿದರು. ಯಂತ್ರವನ್ನು ನನ್ನ ಹಳೇ ಸೀರೆಯಲ್ಲಿ ಸುತ್ತಿ ಭದ್ರಾವತಿ ಬಸ್ಸು ಹತ್ತಿದೆವು.

"ಏನಮ್ಮಾ ಇದು, ಹೆಣಾನಾ?" ಎಂದ ಕಂಡಕ್ಟರ್.

"ಇನ್ನೂ ಜೀವ ಇದೆ ಮಾರಾಯ, ಆಸ್ಪತ್ರೆಗೆ ಹೋಗ್ತಿದೀವಿ" ಎಂದರು ನಮ್ಮವರು.

ಸಾಬರು ಟ್ಯಾಂಕು ಮೂಸಿದರು. ಆಮೇಲೆ ಗಾಳಿ ಸೋಸುವ ಸ್ಪಂಜನ್ನು ಹೊರಗೆಳೆದರೆ ಅದು ಕೆಂಪು ಕೆಂಪು, ಮೇಲೆ ಗಟ್ಟಿಯಾದ ಗಂಧದ ಹೆಪ್ಪು.

"ಪೂಜೆ ಮಾಡಿದ್ದು ಯಾರು?"

"ನಾನೇ. ಮುಖಕ್ಕೆ ಕುಂಕುಮ ಇಟ್ಟೆ."

"ಅದು ಮುಖ ಅಲ್ಲಮ್ಮಾ, ಮೂಗು! ನಿಮ್ಮ ಮೂಗಿಗೆ ಯಾರಾದ್ರೂ ಒಂದು ಬಟ್ಟಲು ಕುಂಕುಮ ತುರುಕಿದ್ರೆ ನೀವು ಎದ್ದು ಅಡುಗೆ ಮಾಡ್ತೀರಾ?"

ನಮ್ಮವರು ಕಿಸಕ್ಕನೆ ನಕ್ಕರು. ಸಾಬರು ಅವರ ಕಡೆ ತಿರುಗಿದರು. "ನೀನೇನು ನಗ್ತೀಯ? ಪೆಟ್ರೋಲಿಗೆ ಎಣ್ಣೆ ಬೆರೆಸೋದ್ರಲ್ಲಿ ಜುಗ್ಗತನ ಮಾಡಿದ್ದೀಯ, ವಾಸನೆಯಲ್ಲೇ ಗೊತ್ತಾಗುತ್ತೆ. ಅಮ್ಮನ ಭಕ್ತಿ ಜಾಸ್ತಿ, ನಿನ್ನ ಎಣ್ಣೆ ಕಮ್ಮಿ. ನಿಮ್ಮಿಬ್ಬರ ಮಧ್ಯೆ ಇದು ಇಷ್ಟು ದಿನ ಬಾಳಿದ್ದೇ ಹೆಚ್ಚು."

ಸ್ಪಂಜನ್ನು ಸೋಪಿನ ನೀರಲ್ಲಿ ತೊಳೆದು, ಹಿಂಡಿ, ಬಿಸಿಲಿಗಿಟ್ಟರು. "ಸಣ್ಣ ಇಂಜಿನ್ನು ತಾನಾಗಿ ಸಾಯಲ್ಲಮ್ಮಾ, ನಾವು ಸಾಯಿಸ್ತೀವಿ. ಪೂಜೆ ಬೇಡ ಅನ್ನಲ್ಲ, ಹ್ಯಾಂಡಲ್ಲಿಗೆ ಹಚ್ಚಿ" ಎಂದರು. ಸ್ಪಂಜು ಒಣಗುವವರೆಗೆ ಚಹಾ ತರಿಸಿಕೊಟ್ಟರು. ಬರುವಾಗ ಯಂತ್ರ ಜೀವಂತವಾಗಿ ಬಂತು.

ಅಲ್ಲಿಂದ ಮುಂದೆ ಎಷ್ಟು ಸಲ ಹೋದೆವೋ! ಹೋದಾಗಲೆಲ್ಲ ಬೈಗುಳ, ಚಹಾ, ದುರಸ್ತಿ. ಆದರೆ ಕಳೆದ ಮಳೆಗಾಲ ಹೋದಾಗ ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಸಾಬರ ಕೈ ನಡುಗುತ್ತಿತ್ತು, ಚಹಾದ ಲೋಟ ಎರಡು ಕೈಯಲ್ಲಿ ಹಿಡಿದಿದ್ದರು. ನಮಗೋ ಅವಸರ. ಸೋಮವಾರದೊಳಗೆ ಶಾಲೆಯ ಮೈದಾನ ಕತ್ತರಿಸದಿದ್ದರೆ ಆ ಕೆಲಸ ಬೇರೆಯವರ ಪಾಲು, ಅದು ಹೋದರೆ ವರ್ಷವಿಡೀ ಬರುವ ಕೆಲಸವೇ ಹೋದ ಹಾಗೆ.

ಸಾಬರು ಹಗ್ಗವನ್ನು ಮೆಲ್ಲಗೆ ಎಳೆದರು. ಅದು ಬಾವಿಗೆ ಬಿಟ್ಟ ಹಗ್ಗದಂತೆ ಸಲೀಸಾಗಿ ಬಂತು. "ಎದೆಯಲ್ಲಿ ಬಲ ಇಲ್ಲ. ಪಿಸ್ಟನ್ನಿನ ರಿಂಗು ಸವೆದಿದೆ."

ಹೊಸ ರಿಂಗು ಅವರಲ್ಲಿ ಒಂದೇ ಒಂದಿತ್ತು. ಬಳೆಯ ಹಾಗೆ ದುಂಡಗೆ, ಒಂದು ಕಡೆ ಸೀಳು, ದಾರದಷ್ಟು ಸಣ್ಣ, ಮಿಸುಕಿದರೆ ಮುರಿಯುವಂಥದ್ದು. ಪಿಸ್ಟನ್ನಿಗೆ ತೊಡಿಸಲು ಹೋದರು, ಕೈ ಕೇಳಲಿಲ್ಲ. ನಮ್ಮವರ ಬೆರಳು ನೋಡಿ ತಲೆಯಾಡಿಸಿದರು. "ಇವನದ್ದು ಗುದ್ದಲಿ ಕೈ. ಅಮ್ಮಾ, ನೀವು ಬನ್ನಿ."

"ಸಾಬ್ರೇ, ನಾನು ದೇವರಿಗೆ ಹೂಬತ್ತಿ ಹೊಸೆಯೋಳು!"

"ಅದಕ್ಕೇ ಕರೆದಿದ್ದು."

ಮನಸ್ಸಿನಲ್ಲೇ ರಾಯರನ್ನು ನೆನೆದು ಕೂತೆ. "ಮಗೂಗೆ ಬಳೆ ತೊಡಿಸ್ತೀರಲ್ಲ, ಹಾಗೆ. ಬಲ ಬೇಡ. ಎರಡು ತುದಿ ಆ ಸಣ್ಣ ಮೊಳೆ ಹತ್ರ ಸೇರಬೇಕು. ಈಗ ಉಗುರಲ್ಲಿ ಒತ್ತಿ ಹಿಡೀರಿ. ಲೇ, ನೀನು ಸಿಲಿಂಡರ್ ಇಳಿಸು, ನಿಧಾನ... ನಿಧಾನ ಅಂದೆ!" ಬೆರಳ ಕೆಳಗೆ ಏನೋ ಜಾರಿ ಒಳಗೆ ಕೂತಿತು. ಮುರಿಯಲಿಲ್ಲ.

ಎಲ್ಲ ಬಿಗಿದು ಎಳೆದಾಗ ಯಂತ್ರ ಕೆಮ್ಮಿತು, ಹೊಗೆ ಬಿಟ್ಟಿತು, ಆಮೇಲೆ ಹತ್ತಿಕೊಂಡಿತು. ಸಾಬರು ಎದೆ ಉಬ್ಬಿಸಿದರು. "ನೋಡಿದ್ಯಾ ನನ್ನ ಕೆಲಸ!"

"ಕೈ ಇವಳದ್ದು ಸಾಬ್ರೇ" ಎಂದರು ನಮ್ಮವರು.

"ಬಾಯಿ ನಂದು!"

ನಾನು ಅವರನ್ನು ಕಂಡದ್ದು ಅದೇ ಕೊನೆ. ಸಾಬರು ದಾವಣಗೆರೆಯ ಮಗಳ ಮನೆಗೆ ಹೋದರು. ತಗಡಿನ ಅಂಗಡಿಯಲ್ಲಿ ಈಗ ಎಳನೀರು ಮಾರುತ್ತಾರೆ. ನಮ್ಮ ಯಂತ್ರದ ಮುಚ್ಚಳ ತೆಗೆದು ಮೂಸುವ ಕೆಲಸ ನನ್ನದಾಗಿದೆ. ಅಕ್ಕಪಕ್ಕದವರೂ ತಮ್ಮ ಪಂಪು ಹಿಡಿದುಕೊಂಡು ಬರತೊಡಗಿದ್ದಾರೆ.

ಈ ಸಲದ ಆಯುಧಪೂಜೆಗೆ ಹ್ಯಾಂಡಲ್ಲಿಗಷ್ಟೇ ಕುಂಕುಮ ಇಟ್ಟು, ಸಾಬರಿಗೆ ಫೋನು ಹಚ್ಚಿದೆ. ಅವರು ಎತ್ತಿದ ಕೂಡಲೇ ನಾನೇನೂ ಮಾತಾಡದೆ ಫೋನನ್ನು ಓಡುವ ಇಂಜಿನ್ನಿನ ಹತ್ತಿರ ಹಿಡಿದೆ. ಮತ್ತೆ ಕಿವಿಗಿಟ್ಟುಕೊಂಡೆ.

"ಉಸಿರು ಚೆನ್ನಾಗಿದೆಯಮ್ಮಾ. ಸಾಕು, ಆಫ್ ಮಾಡಿ. ಸುಮ್ನೆ ಪೆಟ್ರೋಲ್ ಯಾಕೆ ಸುಡ್ತೀರಿ?"