ಜಟ್ಟಿಯ ಹೆಸರಲ್ಲಿ ಬಸ್ಕಿ

ಅಂಗಿಗಳಿಗೆ ಗುಂಡಿ ಹಚ್ಚುವುದು ಅವಳ ಕೆಲಸ. ಕೂತು ಕೂತು ಆಳೂ ಗುಂಡಗಾಗಿದ್ದಳು. ಎರಡನ್ನೂ ಸೇರಿಸಿ ಓಣಿಯವರು ಗುಂಡಕ್ಕ ಅಂತ ಕರೆದರು. ಗಂಡನನ್ನು ಕರೆಯುತ್ತಿದ್ದುದು ಜಟ್ಟಿ ಅಂತ. ಅದೂ ಹೆತ್ತವರು ಇಟ್ಟದ್ದಲ್ಲ. ಗೋದಾಮಿನಲ್ಲಿ ಹಮಾಲಿಗೆ ಸೇರಿದ ಹೊಸದರಲ್ಲಿ ಎರಡು ಮೂಟೆ ಒಟ್ಟಿಗೆ ಬೆನ್ನಿಗೇರಿಸಿಕೊಂಡು ಲಾರಿ ಹತ್ತಿದ್ದನಂತೆ. ಅಂದು ಚಪ್ಪಾಳೆ ತಟ್ಟಿದವರು ತಟ್ಟಿ ಹೋದರು, ಹೆಸರು ಮಾತ್ರ ಇವನಿಗೆ ಅಂಟಿಕೊಂಡಿತು. ಇಪ್ಪತ್ತೆರಡು ವರ್ಷ ಅದನ್ನು ಹೊತ್ತು ಈಗ ಎರಡೂ ಮಂಡಿ ಹಾಳಾಗಿದ್ದವು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿದ್ದ. ಯಾರಾದರೂ ಎದುರಾದರೆ ಸಾಕು, ನೆಟ್ಟಗೆ ತಿರುಗಿ ಹಲ್ಲು ಕಚ್ಚಿಕೊಂಡು ಇಳಿಯುತ್ತಿದ್ದ.

ಅವನಿಗೆ ಬೇಕಾಗಿದ್ದು ಒಂದೇ ಒಂದು: ಗೋದಾಮಿನ ಗೇಟಿನಲ್ಲಿ ಕೂತು ಚೀಟಿ ನೋಡುವ ಕೆಲಸ. ಅಲ್ಲಿದ್ದ ಮುದುಕ ಇನ್ನೆರಡು ತಿಂಗಳಲ್ಲಿ ನಿವೃತ್ತನಾಗುವವನಿದ್ದ. ಡಾಕ್ಟರು ಬರೆದುಕೊಟ್ಟ ಕಾಗದ ಲಗತ್ತಿಸಿ ಅರ್ಜಿ ಹಾಕಿಯಾಗಿತ್ತು. ಸಾಹೇಬರು "ನೋಡೋಣ" ಅಂದಿದ್ದರು. ಇನ್ನೊಂದು ವರ್ಷ ಮೂಟೆ ಹೊತ್ತರೆ ನಡೆಯುವುದೇ ಕಷ್ಟವಾದೀತು ಅಂತ ಡಾಕ್ಟರು ಹೇಳಿದ್ದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ಕಂಪನಿಗೆ ಕೆಲಸಗಾರರ ಆರೋಗ್ಯದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಎಲ್ಲರಿಗೂ ಒಂದೊಂದು ಡಬ್ಬಿ ಹಂಚಿದರು. ಅದನ್ನು ಟೀವಿಗೆ ಸಿಕ್ಕಿಸಿ, ತೊಡೆಗೊಂದು ಪಟ್ಟಿ ಕಟ್ಟಿ, ಕೈಯಲ್ಲೊಂದು ಚಕ್ರ ಹಿಡಿದು ನಿಂತರೆ ಆಟ ಶುರು. ನಾವು ನಿಂತಲ್ಲೇ ಓಡಿದರೆ ಪರದೆಯ ಮೇಲಿನ ಬೊಂಬೆ ಕಾಡಿನಲ್ಲಿ ಓಡುತ್ತದೆ, ನಾವು ಬಸ್ಕಿ ಹೊಡೆದರೆ ಅದು ರಾಕ್ಷಸನಿಗೆ ಬಾರಿಸುತ್ತದೆ. ದಿನಾ ಅರ್ಧ ಗಂಟೆ ಆಡಲೇಬೇಕು. ಅಂಕಗಳು ತಾವಾಗಿಯೇ ಆಫೀಸಿಗೆ ಹೋಗುತ್ತವೆ, ಆಡದವರ ಹೆಸರು ನೋಟೀಸ್ ಬೋರ್ಡಿಗೆ. ಬೆಳಗಿನಿಂದ ಮೂಟೆ ಹೊತ್ತವನಿಗೆ ಸಂಜೆ ಮನೆಯಲ್ಲಿ ವ್ಯಾಯಾಮ! ಇಂಥ ಬುದ್ಧಿ ಹೊಳೆಯಬೇಕಾದರೆ ತಣ್ಣನೆಯ ಕೋಣೆಯಲ್ಲೇ ಕೂತಿರಬೇಕು.

ಮೊದಲ ದಿನ ಜಟ್ಟಿ ಒಂದೇ ಒಂದು ಬಸ್ಕಿಗೆ "ಅಯ್ಯೋ" ಅಂತ ನೆಲಕ್ಕೆ ಕೂತ. ಮೇಜು ಹಿಡಿದು ಎದ್ದವನೇ ಪಟ್ಟಿ ಬಿಚ್ಚಿ ಹೆಂಡತಿಯ ಕಡೆ ಎಸೆದ.

"ಲೇ, ನೀನೇ ಕಟ್ಕೊಂಡು ಒಂದಿಷ್ಟು ಕುಣಿದುಬಿಡೇ. ಯಾರು ಬಂದು ನೋಡ್ತಾರೆ?"

"ನಾನಾ? ಈ ಮೈ ಇಟ್ಕೊಂಡಾ? ಕೆಳಗಿನ ಮನೆಯವರ ತಲೆ ಮೇಲೆ ಬೀಳ್ತೀನಿ ಅಷ್ಟೆ."

"ನೀನು ಬಿದ್ರೆ ಬೀಳು. ನನ್ನ ಹೆಸರು ಬೋರ್ಡಿಗೆ ಬೀಳದಿದ್ರೆ ಸಾಕು."

ಮೊದಲ ವಾರ ಗುಂಡಕ್ಕ ಏದುಸಿರು ಬಿಟ್ಟಳು. ಕೆಳಗಿನ ಮನೆಯವರು ಕೋಲಿನಿಂದ ಸೂರಿಗೆ ಕುಟ್ಟಿದರು. ಎರಡನೇ ವಾರ ರಾಕ್ಷಸನ ಮೇಲೆ ಅವಳಿಗೆ ನಿಜವಾಗಿಯೂ ಸಿಟ್ಟು ಬರತೊಡಗಿತು. ಒಂದು ದಿನ ತರಕಾರಿ ಚೀಲ ಹಿಡಿದು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದು, ಬಾಗಿಲ ಮುಂದೆ ತಾನೇ ಬೆಪ್ಪಾಗಿ ನಿಂತಳು. ಏದುಸಿರೇ ಬಂದಿರಲಿಲ್ಲ! ಗುಂಡಿ ಹಚ್ಚುತ್ತಾ ಹಚ್ಚುತ್ತಾ ಆಗಾಗ ತೊಡೆ ಒತ್ತಿ ನೋಡಿಕೊಳ್ಳುತ್ತಿದ್ದಳು, ಗಟ್ಟಿಯಾಗಿತ್ತು. ನಲವತ್ತಾರನೇ ವಯಸ್ಸಿಗೆ ಅವಳಿಗೆ ತನ್ನ ಮೈ ತನ್ನದು ಅನ್ನಿಸಿತ್ತು. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಬೇಕು? ಟೀವಿ ಮಾತ್ರ ದಿನಾ "ಭೇಷ್ ಜಟ್ಟಿ!" ಅನ್ನುತ್ತಿತ್ತು. ಅಂದರೆ ಅನ್ನಲಿ ಬಿಡು ಅಂತ ಅವಳು ತಲೆಕೆಡಿಸಿಕೊಳ್ಳಲಿಲ್ಲ.

ಎರಡು ತಿಂಗಳಾದ ಮೇಲೆ ಆಫೀಸಿನಿಂದ ಕಾಗದ ಬಂತು. ಕಾಲಿನ ಬಲದಲ್ಲಿ ಇಡೀ ಗೋದಾಮಿಗೆ ಎರಡನೆಯ ಸ್ಥಾನ, ಅಭಿನಂದನೆ. ಆದ್ದರಿಂದ ಮಂಡಿ ನೋವಿನ ಅರ್ಜಿ ತಿರಸ್ಕರಿಸಲಾಗಿದೆ.

"ಯಾರೇ ಹೇಳಿದ್ದು ನಿನಗೆ ಅಷ್ಟು ಆಡೋಕೆ?" ಜಟ್ಟಿ ಹರಿಹಾಯ್ದ. "ಕುಣಿ ಅಂದ್ರೆ ಕುಣಿದು ಸುಮ್ನಿರೋದು ಬಿಟ್ಟು, ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲೇ!"

"ನಡೀರಿ, ನಾನೇ ಬಂದು ಇದ್ದದ್ದು ಇದ್ದ ಹಾಗೆ ಹೇಳ್ತೀನಿ," ಅಂದಳು ಗುಂಡಕ್ಕ.

ಸಾಹೇಬರು ಕೆಟ್ಟವರೇನಲ್ಲ. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕರು. "ಅಮ್ಮ, ಇಷ್ಟು ಅಂಕ ಮೂವತ್ತರ ಹುಡುಗರಿಗೂ ಬಂದಿಲ್ಲ."

"ನನಗೆ ಬಂದಿದೆ ಸಾರ್."

"ಸರಿ ಹಾಗಾದ್ರೆ. ಹೊರಗೆ ಹಾಲ್‌ನಲ್ಲಿ ಅದೇ ಆಟ ಇದೆ, ಆಡಿ ತೋರಿಸಿ. ಇದರ ಅರ್ಧ ಅಂಕ ತಗೊಂಡ್ರೂ ನಂಬ್ತೀನಿ. ಇವರಿಗೆ ಒಂದು ಎಚ್ಚರಿಕೆ ಕೊಟ್ಟು ಗೇಟಿಗೆ ಹಾಕ್ತೀನಿ. ಆಯ್ತಾ?"

ಅದು ಊಟದ ಹೊತ್ತು. ಹಮಾಲರೆಲ್ಲ ಹಾಲ್‌ನಲ್ಲೇ ಇದ್ದರು. ಗುಂಡಕ್ಕ ಜಡೆ ಎತ್ತಿ ಕಟ್ಟಿ, ತೊಡೆಗೆ ಪಟ್ಟಿ ಬಿಗಿದಳು. ಅವಳ ಎದೆ ಡವಡವ ಅನ್ನುತ್ತಿತ್ತು, ಭಯಕ್ಕಲ್ಲ. ಒಂದೇ ಒಂದು ಸಲ ನಾಲ್ಕು ಜನ ನೋಡಲಿ ಅಂತ ಅವಳಿಗೆ ಆಸೆಯಾಗಿತ್ತು.

"ಏನೋ ಜಟ್ಟಿ, ನಿನ್ನ ಬಸ್ಕಿನೂ ಅಕ್ಕಾನೇ ಹೊಡೆಯೋದಾ?" ಯಾವನೋ ಕೂಗಿದ. "ನಾಳೆ ಮೂಟೆನೂ ಅಕ್ಕನ ಬೆನ್ನಿಗೇ ಹಾಕ್ಸು!"

ಹಾಲ್ ಹೋ ಅಂತ ನಕ್ಕಿತು. ಜಟ್ಟಿಯ ಮುಖ ಕಪ್ಪಿಟ್ಟಿತು.

"ಬಿಡಿ ಸಾರ್," ಅಂದ. "ಆಡಿದ್ದು ನಾನೇ. ನನಗೆ ಗೇಟಿನ ಕೆಲಸ ಸಿಗಲಿ ಅಂತ ಇವಳು ಸುಳ್ಳು ಹೇಳ್ತಿದಾಳೆ."

"ಹೌದೇನಮ್ಮ?"

ಗುಂಡಕ್ಕ ಗಂಡನ ಮುಖ ನೋಡಿದಳು. ಅವನು ಅವಳನ್ನು ನೋಡಲಿಲ್ಲ, ಆ ನಗುವವರನ್ನು ನೋಡುತ್ತಿದ್ದ. ಅವಳು ಹತ್ತು ಬಸ್ಕಿ ಹೊಡೆದಿದ್ದರೆ ಅವನ ಎರಡೂ ಮಂಡಿ ಉಳಿಯುತ್ತಿದ್ದವು. ಛೇ, ಹೊಡೆಯಬೇಕಿತ್ತು! ಅವಳು "ಹೌದು ಸಾರ್" ಅಂದು ಪಟ್ಟಿ ಬಿಚ್ಚಿದಳು.

ಗೇಟಿನ ಕೆಲಸ ಬೇರೆಯವನಿಗೆ ಹೋಯಿತು. ಜಟ್ಟಿ ಮೂಟೆ ಹೊತ್ತ. ಸಂಜೆ ಅವನ ಮಂಡಿ ಬನ್ನಿನ ಹಾಗೆ ಊದಿರುತ್ತಿತ್ತು, ಅವಳು ಬಿಸಿನೀರಿನ ಶಾಖ ಕೊಡುತ್ತಿದ್ದಳು. ಹದಿನೈದು ದಿನದ ಮೇಲೆ ಅವನೇ ಬಾಯಿ ಬಿಟ್ಟ.

"ಗೋದಾಮಿನ ಹಿಂಬದಿ ಗೇಟಿನವನು ವರ್ಷದ ಕೊನೆಗೆ ಕೆಲಸ ಬಿಡ್ತಾನಂತೆ. ಅಷ್ಟರೊಳಗೆ ಅಂಕ ಇಳೀಬೇಕು. ಒಂದೇ ಸಲಕ್ಕೆ ಬೇಡ, ಅನುಮಾನ ಬರುತ್ತೆ. ದಿನಾ ಒಂಚೂರು ಒಂಚೂರು ಇಳಿಸ್ತಾ ಬಾ."

"ಅಂದ್ರೆ? ನಾನು ಕುಂಟಬೇಕಾ?"

"ಕುಂಟು. ನಾನು ಹೇಳ್ಕೊಡ್ತೀನಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಪಟ್ಟಿ ಕಟ್ಟಿಕೊಂಡಳು. ಅವನು ಹಿಂದೆ ಗೋಡೆಗೆ ಒರಗಿ, ಕಾಲು ಚಾಚಿ ಕೂತು ಪಾಠ ಶುರುಮಾಡಿದ. ಎಲ್ಲಿಯವರೆಗೆ ಬಗ್ಗಿದರೆ ಮಂಡಿಯೊಳಗೆ ಚುಚ್ಚುತ್ತದೆ, ಏಳುವಾಗ ಭಾರ ಯಾವ ಕಾಲಿಗೆ ಬಿಡಬೇಕು, ಎಲ್ಲಿ ಉಸಿರು ಹಿಡಿಯಬೇಕು. ಇಷ್ಟು ವರ್ಷ ಎಲ್ಲಿ ನೋಯುತ್ತೆ ಅಂದರೆ "ಏನಿಲ್ಲ ಹೋಗೇ" ಅನ್ನುತ್ತಿದ್ದವನು ಈಗ ಒಂದನ್ನೂ ಬಿಡದೆ ಹೇಳಿದ. ನೆಲ ಮುಟ್ಟುವಷ್ಟು ಬಗ್ಗಬಲ್ಲ ಕಾಲನ್ನು ಅವಳು ಅರ್ಧದಲ್ಲೇ ತಡೆದಳು, ಸುಮ್ಮಸುಮ್ಮನೆ ನಡುಗಿಸಿದಳು, ಎಡಗಾಲು ಎಳೆದಳು.

"ಪರವಾಗಿಲ್ವೇ," ಅಂದ ಜಟ್ಟಿ, ಮನಸಾರೆ ಮೆಚ್ಚಿ. "ಚೆನ್ನಾಗಿ ಕುಂಟ್ತೀಯ."

ಆಟ ಶುರುವಾದಾಗಿನಿಂದ ಅವನು ಅವಳನ್ನು ಹೊಗಳಿದ್ದು ಅದೇ ಮೊದಲು. ಅವಳು ಮತ್ತೆ ಎಡಗಾಲು ಎಳೆದಳು. ಇನ್ನೂ ಇಪ್ಪತ್ತು ನಿಮಿಷ ಆಡುವುದಿತ್ತು.