ಕಪ್ಪೆಯ ಒಪ್ಪಿಗೆ

ಇವತ್ತು ಬೆಳಿಗ್ಗೆ ಹಾಲು ಕಾಯಿಸಿದೆ, ಬೇಳೆ ಡಬ್ಬಿಗಳನ್ನು ತೊಳೆದು ಬಿಸಿಲಿಗಿಟ್ಟೆ, ಸೀರೆಯೊಂದಕ್ಕೆ ಫಾಲ್ ಹೊಲಿದೆ. ದಾರ ಕತ್ತರಿಸಿದ್ದು ಕಪ್ಪೆ ಕೊಯ್ಯುವ ಕತ್ತರಿಯಿಂದ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನ್ನ ಬಳಿ ಅದಿನ್ನೂ ಹೊಸದರಂತೆ ಹರಿತವಾಗಿದೆ. ನಮ್ಮ ಅಟೆಂಡರ್ ಓಬಣ್ಣನ ದೆಸೆಯಿಂದ ಅದಕ್ಕೆ ಹೆಚ್ಚು ಕೆಲಸ ಬೀಳಲಿಲ್ಲ. ಓಬಣ್ಣ ತೀರಿಕೊಂಡು ವರ್ಷವಾಯಿತು. ಮಧ್ಯಾಹ್ನ ಹೊಳಲ್ಕೆರೆಯಲ್ಲಿ ಬಸ್ಸು ಹತ್ತಿ, ಅವನ ಹೆಂಡತಿ ಗಂಗಮ್ಮನನ್ನು ನೋಡಲು ತಾಳ್ಯಕ್ಕೆ ಬಂದೆ.

ಅವನು ಕುರಿಗಾರರ ಮನೆಯವನು. ಅವರಲ್ಲಿ ಕುರಿ ಕೊಯ್ಯುವ ಮೊದಲು ತಲೆಗೆ ನೀರು ಚಿಮುಕಿಸುತ್ತಾರೆ. ಮೈ ಕೊಡವಿದರೆ ಕುರಿ ಒಪ್ಪಿತು ಎಂದು ಲೆಕ್ಕ. ಕೊಡವದಿದ್ದರೆ ಕೈಮುಗಿದು ಕಾಯಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಪ್ರಾಯೋಗಿಕ ಪರೀಕ್ಷೆಯ ದಿನ, ತಾನೇ ಕೆರೆಯಿಂದ ಹಿಡಿದು ತಂದ ಕಪ್ಪೆಗಳ ಬಕೆಟ್ಟಿನ ಮುಂದೆ ಚೊಂಬು ಹಿಡಿದು ಕೂತುಬಿಟ್ಟ.

"ಕುರಿನ ಕೇಳೇ ಕೊಯ್ತೀವಿ ಮೇಡಮ್ಮಾರೇ. ಇದನ್ನ ಕೇಳಾದು ಬ್ಯಾಡ್ವಾ?"

ಕಪ್ಪೆಗೆ ನೀರು ಬಿದ್ದರೆ ಏನಾದೀತು? ಹಾಯಾಗಿ ಕಣ್ಣು ಮುಚ್ಚಿತು. ಇನ್ನಷ್ಟು ಸುರಿದ, ಇನ್ನಷ್ಟು ಹಾಯಾಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಗಡಿಯಾರ ನೋಡತೊಡಗಿದರು. ಪ್ರಿನ್ಸಿಪಾಲರು ನನ್ನನ್ನು ಪಕ್ಕಕ್ಕೆ ಕರೆದು, ಹತ್ತು ನಿಮಿಷದಲ್ಲಿ ಕಪ್ಪೆ ಮೇಜಿನ ಮೇಲಿರಬೇಕು, ಇಲ್ಲವಾದರೆ ನಾಳೆಯಿಂದ ಇವನು ಬರುವುದು ಬೇಡ ಎಂದರು. ಅವನದಿನ್ನೂ ಕಾಯಂ ಆಗದ ಕೆಲಸ.

ಬಕೆಟ್ಟು ಕಿತ್ತುಕೊಳ್ಳಲು ಹೋದೆ. ಸುಮ್ಮನೆ ಕೊಟ್ಟ. ಚೊಂಬನ್ನೂ ಕೊಟ್ಟ.

"ನೀವೇ ಕೇಳ್ರಿ. ಮೈ ಕೊಡವಿದ್ರೆ ನಾನೇ ಹಿಡ್ಕಂತೀನಿ."

ಎಂಎಸ್ಸಿ ಓದಿದ ನಾನು ಕ್ಲಾಸಿನ ಮಕ್ಕಳೆಲ್ಲರ ಎದುರು ಕಪ್ಪೆಯನ್ನು ಕೇಳಿದೆ. ಅದು ಒಪ್ಪಲಿಲ್ಲ. ಆಮೇಲೆ ಕತ್ತರಿ ಎತ್ತಲು ನನಗೂ ಕೈ ಬರಲಿಲ್ಲ. ಮಕ್ಕಳು ಚಿತ್ರ ಬರೆದು ವಿವರಿಸಲಿ, ತಪ್ಪು ನನ್ನ ಮೇಲಿರಲಿ ಎಂದು ಪರೀಕ್ಷಕರಿಗೆ ಹೇಳಿದೆ. ಅವರು ಕಪ್ಪೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಬರೀಲಿ ಬಿಡ್ರಿ. ನಮ್ಮನೇಲೂ ಕುರಿನ ಕೇಳೇ ಕೊಯ್ತಾರೆ."

ಓಬಣ್ಣನ ಕೆಲಸ ಉಳಿಯಿತು, ಆದರೆ ಲ್ಯಾಬಿನಿಂದ ಕಾಲೇಜಿನ ಕೈತೋಟಕ್ಕೆ ಹಾಕಿದರು. ಬಕೆಟ್ಟನ್ನೂ ಜೊತೆಗೇ ಒಯ್ದ. ಆ ವರ್ಷವೆಲ್ಲ ತೋಟದ ತೊಟ್ಟಿಯಿಂದ ನನ್ನ ಪಾಠಕ್ಕೆ ವಟವಟ ಉತ್ತರ ಬರುತ್ತಿತ್ತು. ಮುಂದೆ ಕೊಯ್ಯುವುದೇ ನಿಂತು ಕಂಪ್ಯೂಟರಿನ ಕಪ್ಪೆ ಬಂದಾಗ ಕಿಟಕಿಯಿಂದ ಇಣುಕಿ, "ಇದಕ್ಕೆ ನೀರು ಹಾಕ್ಬ್ಯಾಡ್ರಿ ಮತ್ತೆ, ಕರೆಂಟ್ ಐತೆ" ಎಂದು ಎಚ್ಚರಿಸಿ ಹೋದ.

ಸಂಜೆ ಗಂಗಮ್ಮ ನನಗೆಂದು ಕೋಳಿ ಹಿಡಿದು ತಂದು ನೀರು ಚಿಮುಕಿಸಿದಳು. ಕೋಳಿ ಕಲ್ಲಿನಂತೆ ನಿಂತು ಒಂದೇ ಕಣ್ಣಲ್ಲಿ ನಮ್ಮನ್ನು ನೋಡಿತು.

"ಅವ್ರು ಇದ್ದಾಗ್ಲೂ ಮೂರು ಸಲ ಕೇಳಿದ್ರು, ಒಪ್ಲಿಲ್ಲ. ಅವ್ರಂಗೇ ಹಠ ಇದಕ್ಕೆ" ಎಂದು ಕೋಳಿಯನ್ನು ಕೈಬಿಟ್ಟಳು.

ಉಂಡದ್ದು ರಾಗಿ ಮುದ್ದೆ, ಹುರುಳಿಕಾಳಿನ ಸಾರು. ಮೊದಲು ನಿದ್ದೆ ಹೋದದ್ದು ಕೋಳಿ, ಜಗಲಿಯಲ್ಲಿ ಓಬಣ್ಣನ ಖಾಲಿ ಮಂಚದ ಮೇಲೆ.